ಭಾನುವಾರದ ಬಾಣಲೆಯ ಕುರಿತು ಬಿನ್ನಹ

ಕ್ಲಿದರೋ, ಲ್ಯಾಂಕಷೈರ್
14 ಜೂನ್ 1954

ನ್ಯೂಜಿಲೆಂಡ್ ದೇಶದ ಜೆರಲ್ಡಿನ್ ಊರಿನಲ್ಲಿ ವಾಸವಾಗಿರುವ, ನನ್ನ ಪತ್ನಿಯ ತಂಗಿ ಶ್ರೀಮತಿ ನೆಲ್ ಪೆಟಿಗ್ರೂ ಅವರ ಸನ್ನಿಧಿಗೆ.

ವಿಷಯ: ಭಾನುವಾರದ ಪೂರ್ಣ ಬೆಳಗಿನ ಉಪಾಹಾರವನ್ನು ಮನೆಯಲ್ಲಿ ಸಿದ್ಧಪಡಿಸುವ ಕ್ರಮವನ್ನು ತಿಳಿಸಿಕೊಡಬೇಕೆಂದು ಕೋರಿಕೆ.

ವಿವರಗಳು:
1. ಅರ್ಜಿದಾರ: ಆಂಬ್ರೋಸ್ ಕ್ಲೆಗ್, ವಯಸ್ಸು ಎಪ್ಪತ್ತೊಂದು, ಪುರಸಭೆಯ ಅರ್ಜಿ ವಿಭಾಗದ ನಿವೃತ್ತ ನಕಲು ಗುಮಾಸ್ತ.
2. ಒಲೆಯ ಅನುಭವ: ಇಲ್ಲ. ಚಹಾ ಕಾಯಿಸಿದ್ದುಂಟು.
3. ಫಲಾನುಭವಿ: ಅರ್ಜಿದಾರನ ಪತ್ನಿ ಮಿರಿಯಂ.
4. ಸಾಮಗ್ರಿ: ಬೇಕನ್, ಸಾಸೇಜ್, ಹಂದಿರಕ್ತದ ಕಪ್ಪು ಪುಡಿಂಗ್, ಅಣಬೆ, ಟೊಮೆಟೊ, ಕೊಬ್ಬಿನಲ್ಲಿ ಹುರಿದ ಬ್ರೆಡ್ಡು, ಮೊಟ್ಟೆ.
5. ಈವರೆಗಿನ ಅಡ್ಡಿ: ಯುದ್ಧಕಾಲದಿಂದ ಜಾರಿಯಲ್ಲಿರುವ ಪಡಿತರದ ಮಿತಿ. ಜುಲೈ ನಾಲ್ಕರಂದು ಮಾಂಸಕ್ಕೂ ಬೇಕನ್ನಿಗೂ ಅದು ರದ್ದಾಗುವುದೆಂದು ಸರ್ಕಾರದ ಪ್ರಕಟಣೆ.
6. ಪಾತ್ರೆ: ತಮ್ಮ ತಾಯಿಯವರ ಕಬ್ಬಿಣದ ಬಾಣಲೆ, ಒಂದು.

ಮೇಲ್ಕಂಡ ವಿವರಗಳಿಗೆ ಪೂರಕವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಏಪ್ರಿಲ್ ತಿಂಗಳಲ್ಲಿ ಮಿರಿಯಂಳ ಹೊಟ್ಟೆಗೆ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯಾಯಿತು. ಅದು ಮುಗಿದ ವಿಷಯ. ತಮಗೆ ಬರೆಯಕೂಡದೆಂದು ಆಕೆಯ ಆಜ್ಞೆಯಿದ್ದುದರಿಂದ ಬರೆಯಲಿಲ್ಲ. ಈಗಲೂ ಬರೆದಿಲ್ಲವೆಂದೇ ತಾವು ತಿಳಿಯತಕ್ಕದ್ದು. ಸದ್ಯಕ್ಕೆ ಆಕೆ ಮಹಡಿಯ ಕೋಣೆಯಲ್ಲಿ ವಿಶ್ರಾಂತಿಯಲ್ಲಿದ್ದಾಳೆ. ಊಟದಲ್ಲಿ ಸ್ವಲ್ಪ ಹಿಂದೆ. ಇದೆಲ್ಲ ಇಂಥ ಸಂದರ್ಭದಲ್ಲಿ ಮಾಮೂಲು.

ಕಳೆದ ವಾರ ವೈದ್ಯರು ಬಂದು ನೋಡಿ, ಮೆಟ್ಟಿಲಿಳಿದು, ಬಾಗಿಲ ಬಳಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತರು. “ಕ್ಲೆಗ್ ಅವ್ರೆ, ಗಾಯ ಮಾಗಿದೆ. ಇನ್ನು ನನ್ನ ಚೀಲದಲ್ಲಿ ಅವರಿಗೆ ಕೊಡೋ ಔಷಧಿ ಏನೂ ಇಲ್ಲ. ಏನಾದ್ರೂ ಆಸೆಪಟ್ಟು ತಿನ್ಲಿ. ತಿಂದ್ರೆ ಎದ್ದು ಕೂರ್ತಾರೆ” ಎಂದರು. ತಿನ್ನದಿದ್ದರೆ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಿರಿಯಂಳನ್ನು ವಿಚಾರಿಸಲಾಗಿ, ಮೊದಲು ಏನೂ ಬೇಡವೆಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, “ಅಮ್ಮನ ಭಾನುವಾರದ ತಟ್ಟೆ ಸಿಕ್ಕಿದ್ರೆ ನೋಡ್ಬಹುದಿತ್ತು” ಎಂದಳು. ಅದನ್ನು ಹೇಗೆ ಮಾಡುವುದೆಂದು ಕೇಳಿದರೆ, “ಹೇಳೋದೇನಿದೆ ಅದ್ರಲ್ಲಿ” ಎಂದು ಕಣ್ಣು ಮುಚ್ಚಿದಳು.

ಯುದ್ಧಕ್ಕೆ ಮುಂಚಿನ ಭಾನುವಾರಗಳಲ್ಲಿ ನಾನು ಪತ್ರಿಕೆ ಮಡಿಸುವಷ್ಟರಲ್ಲಿ ಆ ತಟ್ಟೆ ನನ್ನ ಮುಂದೆ ಬಂದಿರುತ್ತಿತ್ತು. ಸೂರ್ಯ ಹೇಗೆ ಮೇಲೇರುತ್ತಾನೆಂದು ಯಾರೂ ದಿನವೂ ಕೇಳುವುದಿಲ್ಲವಷ್ಟೆ, ನಾನೂ ಕೇಳಿರಲಿಲ್ಲ. ಆದಕಾರಣ ಕ್ರಮವನ್ನು ವಿವರವಾಗಿ, ಸಾಧ್ಯವಾದರೆ ಸಮಯಗಳ ಸಮೇತ, ಮರುಟಪಾಲಿನಲ್ಲಿ ದಯಪಾಲಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಧೇಯ,
ಆಂಬ್ರೋಸ್ ಕ್ಲೆಗ್


ಜೆರಲ್ಡಿನ್
27 ಜೂನ್ 1954

ಪ್ರೀತಿಯ ಆಂಬ್ರೋಸ್ ಭಾವ,

ನಿಮ್ಮ ಅರ್ಜಿ ತಲುಪಿತು. ನನ್ನ ಗಂಡ ಜಾಕ್‌ಗೆ ಓದಿ ಹೇಳಿದೆ. ಕುರಿಗಳಿಗೆ ಮೇವು ಹಾಕಿ ಬಂದು ಬೂಟು ಕಳಚುತ್ತಿದ್ದವನು, “ನಿಮ್ಮ ಭಾವ ಒಲೆ ಹಚ್ಚೋಕೂ ಪರವಾನಗಿ ಕೇಳ್ತಾರಾ?” ಎಂದು ಒಂದೇ ಬೂಟಿನಲ್ಲಿ ಕೂತು ನಕ್ಕ.

ನೀವು ಬರೆದಿಲ್ಲದ ಶಸ್ತ್ರಚಿಕಿತ್ಸೆಯ ವಿಷಯ ನನಗೆ ಗೊತ್ತಿಲ್ಲ, ಆಯಿತಲ್ಲ? ಗಾಯ ಮಾಗಿದೆಯೆಂದರೆ ಸಾಕು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಮದುವೆಯಾದಾಗಿನಿಂದ ಅವಳು ಮಂಚದ ಮೇಲೆ ಕಾಲು ಚಾಚಿದ್ದು ಇದೇ ಮೊದಲಿರಬೇಕು. ಎಬ್ಬಿಸಬೇಡಿ. ಗಂಡ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬರುವುದನ್ನು ನೋಡುವುದಕ್ಕಾದರೂ ಅವಳು ಇನ್ನೊಂದು ತಿಂಗಳು ಮಲಗಿರುತ್ತಾಳೆ.

ಈಗ ಕ್ರಮ. ಎಲ್ಲಕ್ಕಿಂತ ಮೊದಲು ಸಾಸೇಜ್, ಸಣ್ಣ ಉರಿಯಲ್ಲಿ. ಮುಳ್ಳುಚಮಚದಿಂದ ಚುಚ್ಚಬೇಡಿ, ಅದರ ರಸ ಅದರೊಳಗೇ ಇರಲಿ. ಬೇಕನ್ನನ್ನು ಅದರ ಪಕ್ಕದಲ್ಲಿ ಹಾಸಿ, ಕೊಬ್ಬು ಇಳಿಯುತ್ತದೆ. ಆ ಕೊಬ್ಬಿನಲ್ಲಿ ಕಪ್ಪು ಪುಡಿಂಗಿನ ಬಿಲ್ಲೆಗಳು. ಆದದ್ದನ್ನು ಆದ ಹಾಗೆ ಓವನ್ನಿಗೆ ಸೇರಿಸಿ. ಅಣಬೆಗೆ ಮುಚ್ಚಳ ಹಾಕಿ ಬೇಯಿಸಿ. ಟೊಮೆಟೊ ಹೋಳುಗಳ ಮುಖ ಕೆಳಗೆ. ಉಳಿದ ಕೊಬ್ಬಿನಲ್ಲಿ ಬ್ರೆಡ್ಡು. ಕೊನೆಗೆ ಮೊಟ್ಟೆ. ತಟ್ಟೆಗಳನ್ನು ಮರೆಯದೆ ಬಿಸಿ ಮಾಡಿ. ತಣ್ಣನೆಯ ತಟ್ಟೆಯ ಮೇಲೆ ಬೇಕನ್ ಇಟ್ಟರೆ ನಮ್ಮಮ್ಮ ಗೋರಿಯಿಂದ ಎದ್ದು ಬರುತ್ತಾಳೆ.

ಸಮಯ ಕೇಳಬೇಡಿ, ನಮ್ಮ ಅಡುಗೆಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಕಿವಿಗೊಡಿ. ಬೇಕನ್ ಮೊದಲು ಜೋರಾಗಿ ಗಲಾಟೆ ಮಾಡುತ್ತದೆ, ನೀರು ಆರುತ್ತಾ ಬಂದ ಹಾಗೆ ಅದರ ದನಿ ತೆಳುವಾಗುತ್ತದೆ. ಆಗ ತಿರುಗಿಸಬೇಕು.

ಇನ್ನೊಂದು, ಮರೆಯುವ ಮುಂಚೆ. ನಮ್ಮ ಮನೆಯಲ್ಲಿ ಹಳದಿ ಒಡೆದ ಮೊಟ್ಟೆ ಒಲೆಯ ಮುಂದೆ ನಿಂತವರ ಪಾಲು. ಕೂತು ತಿನ್ನುವವರಿಗೆ ಇಡೀ ಮೊಟ್ಟೆಯೇ ಹೋಗಬೇಕು. ಅಮ್ಮ ತನ್ನ ಪಾಲಿನದು ಒಡೆಯದೆ ಉಳಿದರೂ ತಾನೇ ಒಡೆದುಕೊಳ್ಳುತ್ತಿದ್ದಳು, ಒಡೆದ ದಿನಗಳಲ್ಲಿ ನಾವು ಬದಲಾಯಿಸಿಕೊ ಎನ್ನಬಾರದು ಎಂದು. ಆದ್ದರಿಂದ ಭಾವ, ನಿಮ್ಮ ಪಾಲಿಗೆ ಯಾವುದೆಂದು ಈಗಲೇ ತಿಳಿದಿರಲಿ.

ಇಲ್ಲಿ ಎಲ್ಲ ಸೌಖ್ಯ. ಬೆಟ್ಟದ ಮೇಲೆ ಹಿಮ ಬಿದ್ದಿದೆ. ಅವಳು ಎಷ್ಟು ತಿಂದಳೆಂದು ಬರೆಯಿರಿ.

ನಿಮ್ಮ,
ನೆಲ್


ಕ್ಲಿದರೋ
12 ಜುಲೈ 1954

ಮಾನ್ಯರೇ,

ತಮ್ಮ ದಿನಾಂಕ 27 ಜೂನ್‌ರ ಪತ್ರವನ್ನು ಆಧರಿಸಿ ಕೈಗೊಂಡ ಕ್ರಮದ ವರದಿಯನ್ನು ಅವಗಾಹನೆಗೆ ಸಲ್ಲಿಸುತ್ತಿದ್ದೇನೆ.

ಶನಿವಾರ ಸೆತ್ ಗ್ರೀನ್‌ನ ಮಾಂಸದಂಗಡಿಗೆ ಹೋದೆನು. ಕಿಟಕಿಯಲ್ಲಿ ಬೇಕನ್ನಿನ ಇಡೀ ಪಕ್ಕೆಯೊಂದು ಕೊಕ್ಕೆಗೆ ತೂಗುತ್ತಿತ್ತು. ರಸ್ತೆಯಲ್ಲಿ ಹೋಗುವವರು ಸುಮ್ಮನೆ ನಿಂತು ನೋಡುತ್ತಿದ್ದರು. ಇಬ್ಬರು ಗಂಡಸರು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು, ತೆಗೆದದ್ದು ಅವರಿಗೇ ಗೊತ್ತಿರಲಿಲ್ಲವೆಂದು ತೋರುತ್ತದೆ. ನನ್ನ ಸರದಿ ಬಂದಾಗ ನಾನು ಅಭ್ಯಾಸಬಲದಿಂದ ಪಡಿತರ ಪುಸ್ತಕವನ್ನು ಮುಂದಿಟ್ಟೆನು. ಸೆತ್ ಅದನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದನು.

“ಎಷ್ಟು ಕೊಡ್ಲಿ, ಕ್ಲೆಗ್ ಅವ್ರೆ?”

“ಎಷ್ಟು ಕೊಡಬಹುದು?”

“ಅದು ಹಳೇ ಕಥೆ. ಈಗ ಕೇಳೋನು ನಾನು. ನಿಮಗೆ ಎಷ್ಟು ಬೇಕು?”

ಹದಿನಾಲ್ಕು ವರ್ಷಗಳಿಂದ ಯಾವ ಅಂಗಡಿಯವನೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಪುರಸಭೆಯ ಎಂಥ ಪ್ರಶ್ನೆಗೂ ಉತ್ತರ ಬರೆದ ಕೈ ಇದು. ಆದರೂ ಪಡಿತರ ಪುಸ್ತಕದ ಹಾಳೆಗಳನ್ನು ತಿರುವುತ್ತಾ ನಿಂತೆನು. ಹಿಂದೆ ನಿಂತಿದ್ದ ಪಕ್ಕದ ಮನೆಯ ಶ್ರೀಮತಿ ಬಿಬಿ, “ಬೇಗ ಹೇಳಿ ಮಾರಾಯ್ರೆ, ಬಾಯಲ್ಲಿ ನೀರೂರಿ ಇಲ್ಲೇ ಮುಳುಗಿಹೋಗ್ತೀನಿ ನಾನು” ಎಂದರು. ಸೆತ್ ತಾನೇ ಅಂದಾಜಿನಲ್ಲಿ ಕತ್ತರಿಸಿ ಕಟ್ಟಿಕೊಟ್ಟನು. ಡಬ್ಬಿಯ ಬೀನ್ಸ್ ಸೇರಿಸಬೇಕೆಂಬುದು ಶ್ರೀಮತಿ ಬಿಬಿಯವರ ಸಲಹೆ, ಅಂಗೀಕರಿಸಲಾಯಿತು.

ಪೂರ್ವಸಿದ್ಧತೆಯಾಗಿ ಬಾಣಲೆಯನ್ನು ಪರಿಶೀಲಿಸಿದೆನು. ಪಡಿತರದ ವರ್ಷಗಳಲ್ಲಿ ಹೆಚ್ಚಾಗಿ ಕಪಾಟಿನಲ್ಲೇ ಇದ್ದುದರಿಂದಲೋ ಏನೋ, ಒಳಗೂ ಹೊರಗೂ ಕಾಡಿಗೆಯಂತೆ ಕಪ್ಪಾಗಿತ್ತು. ರೋಗಿಗೆ ಕೊಡುವ ಆಹಾರವೆಂಬ ಕಾರಣದಿಂದ, ಬಿಸಿನೀರು, ಬಟ್ಟೆ ಒಗೆಯುವ ಸೋಡಾ ಮತ್ತು ಉಕ್ಕಿನ ನಾರು ಬಳಸಿ ಅದನ್ನು ಸಂಪೂರ್ಣ ಶುಚಿಗೊಳಿಸಿದೆನು. ಶನಿವಾರದ ಇಡೀ ಮಧ್ಯಾಹ್ನ ಹಿಡಿಯಿತು. ಈಗ ಅದು ಪುರಾಧ್ಯಕ್ಷರ ಬೆಳ್ಳಿಯ ದಂಡದಂತೆ ಹೊಳೆಯುತ್ತಿದೆ. ತಾವಿಲ್ಲಿದ್ದರೆ ಸಂತೋಷಪಡುತ್ತಿದ್ದಿರಿ.

ಆದರೆ ಫಲಿತಾಂಶ ನಿರೀಕ್ಷಿತ ಮಟ್ಟದಲ್ಲಿರಲಿಲ್ಲ. ಬೇಕನ್ ತಳ ಹಿಡಿದು ಚೂರುಚೂರಾಯಿತು. ಸಾಸೇಜ್ ಹೊರಗೆ ಕರಕಲು, ಒಳಗೆ ಹಸಿ. ಮುಚ್ಚಳ ಹಾಕಿದ ಅಣಬೆ ನೀರು ಬಿಟ್ಟು ಬಟ್ಟೆಯಂತಾಯಿತು. ಮೊಟ್ಟೆಗಳನ್ನು ಚಾಕುವಿನಿಂದ ಕೆರೆದು ಎಬ್ಬಿಸಬೇಕಾಯಿತು, ಎರಡೂ ಒಡೆದವು. ತಾವು ತಿಳಿಸಿದ ನಿಯಮದಂತೆ ಎರಡೂ ನನ್ನವೇ ಆಗಬೇಕಿತ್ತು; ಬೇರೆ ಇರಲಿಲ್ಲವಾದ್ದರಿಂದ ಒಂದನ್ನು ಬಡಿಸಿದೆನು.

ಮಿರಿಯಂ ತಟ್ಟೆಯನ್ನು ನೋಡಿ, “ಇಷ್ಟೆಲ್ಲಾ ನೀನೇ ಮಾಡಿದ್ಯಾ, ಆಂಬ್ರೋಸ್?” ಎಂದಳು. ಬ್ರೆಡ್ಡಿನ ಒಂದು ಮೂಲೆಯನ್ನು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಕರವಸ್ತ್ರಕ್ಕೆ ತೆಗೆದಳು. ಸದರಿ ತಟ್ಟೆ ಹಿಂತಿರುಗಿತು.

ಈ ಸಂಬಂಧ ಎರಡು ಸ್ಪಷ್ಟೀಕರಣ ಬೇಕಾಗಿದೆ. ಮೊದಲನೆಯದು, ಇಡೀ ಉಪಾಹಾರವನ್ನು ಅರೆದು ಚಮಚದಲ್ಲಿ ಕುಡಿಸಿದರೆ ಅದರ ಗುಣ ಉಳಿಯುವುದೇ? ಎರಡನೆಯದು, ನುಂಗಲು ಬಲವಿಲ್ಲದವರಿಗೆ ತಮ್ಮ ತಾಯಿಯವರು ಏನು ಕೊಡುತ್ತಿದ್ದರು?

ತಮ್ಮ ವಿಧೇಯ,
ಆಂಬ್ರೋಸ್ ಕ್ಲೆಗ್


ಜೆರಲ್ಡಿನ್
22 ಜುಲೈ 1954

ಭಾವ,

ನಿಮ್ಮ ಎರಡನೆಯ ಪ್ರಶ್ನೆಯನ್ನು ಓದಿ ನಾನು ಕುರ್ಚಿ ಹುಡುಕಿ ಕೂತೆ. ನುಂಗಲು ಬಲವಿಲ್ಲವೇ? ನೀವು ‘ಮಾಮೂಲು’ ಎಂದು ಬರೆದಿದ್ದಿರಿ. ನಾನು ಅದನ್ನು ನಂಬಿ ತಮಾಷೆ ಮಾಡಿದೆ. ಅವಳು ಹೇಗಿದ್ದಾಳೆ, ಎಷ್ಟು ಸೊರಗಿದ್ದಾಳೆ, ಹಾಸಿಗೆಯಿಂದ ಏಳುತ್ತಾಳೋ ಇಲ್ಲವೋ, ವೈದ್ಯರು ಬಾಗಿಲ ಬಳಿ ಯಾವ ಮುಖದಲ್ಲಿ ನಿಂತಿದ್ದರು, ಎಲ್ಲ ಬರೆಯಿರಿ. ಅರ್ಜಿಯ ಭಾಷೆ ಬೇಡ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಅಮ್ಮ ನನ್ನನ್ನು ಆ ಬಾಣಲೆಯ ಹತ್ತಿರ ಬಿಟ್ಟವಳಲ್ಲ. ನನ್ನ ಕೆಲಸ ಬ್ರೆಡ್ಡು ಕೊಯ್ಯುವುದು, ಮೇಜು ಹಾಸುವುದು. ಅಮ್ಮನ ಪಕ್ಕದಲ್ಲಿ ನಿಂತವಳು ಮಿರಿಯಂ ಒಬ್ಬಳೇ. ನಾನು ಬೆನ್ನು ತಿರುಗಿಸಿಕೊಂಡು ಮೇಜಿನ ಹತ್ತಿರ ಇರುತ್ತಿದ್ದೆ, ಅದಕ್ಕೇ ನನಗೆ ಸದ್ದುಗಳು ಮಾತ್ರ ನೆನಪಿವೆ. ಅಣಬೆಯ ಮುಚ್ಚಳ ನಾನೇ ಊಹಿಸಿ ಬರೆದದ್ದು. ನಿಮ್ಮ ಮುಂದೆ ಗೊತ್ತಿಲ್ಲ ಅನ್ನಲು ಮನಸ್ಸಾಗಲಿಲ್ಲ.

ಆದರೆ ಬಾಣಲೆಯ ವಿಷಯ ನನಗೆ ಗೊತ್ತು. ಭಾವ, ಅದು ಕೊಳೆಯಲ್ಲ. ಅಜ್ಜಿಯ ಕಾಲದಿಂದ ಕೊಬ್ಬು ಕುಡಿದು ಕುಡಿದು ಪಳಗಿದ ಕಪ್ಪು ಅದು. ಮೊಟ್ಟೆ ಅದರ ಮೇಲೆ ತಾನಾಗಿಯೇ ಜಾರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ನೀರು ಸೋಕಿಸಿದವರಿಲ್ಲ. ಕಾಗದದಿಂದ ಒರೆಸುತ್ತಿದ್ದೆವು, ಅಷ್ಟೇ. ನೀವು ಮೂವರು ಹೆಂಗಸರ ಕೈಗೆಲಸವನ್ನು ಒಂದು ಮಧ್ಯಾಹ್ನದಲ್ಲಿ ಚರಂಡಿಗೆ ಬಿಟ್ಟಿರಿ, ಅದೂ ಪ್ರೀತಿಯಿಂದ.

ಈಗ ಹೀಗೆ ಮಾಡಿ. ಹಂದಿಕೊಬ್ಬನ್ನು ತೆಳ್ಳಗೆ ಹಚ್ಚಿ, ಹೊಗೆ ಏಳುವ ತನಕ ಕಾಯಿಸಿ, ಆರಿಸಿ, ಒರೆಸಿ. ಮಾರನೆಯ ದಿನ ಮತ್ತೆ. ಅದರ ಮಾರನೆಯ ದಿನ ಮತ್ತೆ. ಕಪ್ಪು ಹಿಂತಿರುಗುವವರೆಗೆ. ಮಿರಿಯಂಗೆ ಹೇಳಬೇಡಿ. ಈ ಸ್ಥಿತಿಯಲ್ಲಿ ಅದನ್ನು ಕೇಳಿದರೆ ಅವಳು ತಡೆದುಕೊಳ್ಳುವುದಿಲ್ಲ.

ಅಕ್ಟೋಬರಿನಲ್ಲಿ ಒಂದು ಹಡಗಿದೆ. ಜಾಕ್ ಹೋಗು ಎನ್ನುತ್ತಿದ್ದಾನೆ. ಅಕ್ಟೋಬರ್ ಬಹಳ ದೂರವೇ, ಭಾವ? ಅದೊಂದನ್ನು ಮಾತ್ರ ನಿಜ ಹೇಳಿ.

ನೆಲ್


ಜೆರಲ್ಡಿನ್
13 ಆಗಸ್ಟ್ 1954

ಭಾವ,

ಪತ್ರವಿಲ್ಲ. ಇವತ್ತೂ ಅಂಚೆಯವನು ನಮ್ಮ ಗೇಟಿನ ಹತ್ತಿರ ಸೈಕಲ್ ನಿಧಾನ ಮಾಡಿ, ನನ್ನ ಮುಖ ನೋಡಿ, ತಲೆಯಾಡಿಸಿ ಹೋದ. ಒಂದು ಸಾಲು ಸಾಕು. ಯಾವ ಸಾಲಾದರೂ ಸರಿ.

ನೆಲ್


ಕ್ಲಿದರೋ
16 ಆಗಸ್ಟ್ 1954

ಪ್ರಿಯ ನೆಲ್,

ಪತ್ರ ತಡವಾದುದಕ್ಕೆ ಕಾರಣವನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ಬರೆಯಲು ಕುಳಿತಾಗಲೆಲ್ಲ ಬರೆಯತಕ್ಕ ಸಂಗತಿ ಇನ್ನೂ ಮುಗಿದಿರಲಿಲ್ಲ. ಯಾವ ಕಡೆಗೆ ಮುಗಿಯುವುದೆಂದು ತಿಳಿಯದೆ ಸಹಿ ಹಾಕುವ ಧೈರ್ಯ ಬರಲಿಲ್ಲ.

ಜೂನ್ ತಿಂಗಳ ನನ್ನ ಪತ್ರದಲ್ಲಿದ್ದ ‘ಮಾಮೂಲು’ ಎಂಬ ಪದವನ್ನು ರದ್ದುಪಡಿಸಿದ್ದೇನೆ. ಮಿರಿಯಂ ಆಸ್ಪತ್ರೆಯಿಂದ ಬಂದ ಮೇಲೆ ಮಹಡಿಯಿಂದ ಇಳಿದಿರಲಿಲ್ಲ. ದಿಂಬಿಗೆ ಒರಗಿಸುವಾಗ ಆಕೆಯ ಹೆಗಲು ನನ್ನ ಅಂಗೈಯಲ್ಲಿ ಹಕ್ಕಿಯ ಎಲುಬಿನಂತೆ ತೋರುತ್ತಿತ್ತು. ಸಾರು ಕುಡಿಸಿದರೆ ತುಟಿ ಒದ್ದೆಯಾಗುತ್ತಿತ್ತು, ಅಷ್ಟೇ. ಬಾಗಿಲ ಬಳಿ ವೈದ್ಯರ ಮುಖ ಹೇಗಿತ್ತೆಂದು ನೀನು ಕೇಳಿದ್ದೀಯೆ. ಅವರು ನನ್ನ ಮುಖ ನೋಡಲಿಲ್ಲ. ಟೊಪ್ಪಿಗೆಯ ಒಳಗನ್ನು ನೋಡುತ್ತಿದ್ದರು. ಇವೆಲ್ಲವನ್ನೂ ನಾನು ಬಲ್ಲೆನು, ಬರೆಯಲಿಲ್ಲ. ಕಾಗದದ ಮೇಲೆ ಇಳಿದ ಸಂಗತಿಗಳು ಮಂಜೂರಾಗಿಬಿಡುವುದನ್ನು ನಾನು ಜೀವಮಾನವಿಡೀ ಕಂಡವನು.

ನಿನ್ನ ಪತ್ರ ಬಂದ ಮೇಲೆ, ಆಗಸ್ಟ್ ಎರಡರ ಬೆಳಿಗ್ಗೆ, ಅಡುಗೆಮನೆಯ ಬಾಗಿಲು ಮುಚ್ಚಿ, ಬಾಣಲೆಗೆ ಕೊಬ್ಬು ಹಚ್ಚಿ ಉರಿಯ ಮೇಲಿಟ್ಟೆನು. ತೆಳ್ಳಗೆಂದು ನೀನು ಬರೆದಿದ್ದೆ. ನನಗೆ ತೆಳ್ಳಗೆಂಬುದರ ಅಳತೆ ತಿಳಿಯಲಿಲ್ಲ. ಹೊಗೆ ಎದ್ದಿತು. ಮೊದಲು ನೀಲಿಯಾಗಿ, ಆಮೇಲೆ ದಟ್ಟವಾಗಿ, ಬಾಗಿಲ ಸಂದಿಯಿಂದ ಹೊರಟು ಮೆಟ್ಟಿಲು ಹತ್ತಿತು. ನಾನು ಕಿಟಕಿ ತೆರೆಯಲು ಹೆಣಗುತ್ತಿದ್ದಾಗ ಹಿಂದಿನಿಂದ ದನಿ ಬಂದಿತು.

“ಯಾರು ಬಾಣಲೆ ಮುಟ್ಟಿದ್ದು?”

ತಿರುಗಿ ನೋಡಿದೆನು. ರಾತ್ರಿಯ ಉಡುಪಿನ ಮೇಲೆ ನನ್ನ ಕೋಟು ಹೊದ್ದು, ಎರಡು ಕೈಯಿಂದಲೂ ಬಾಗಿಲ ಚೌಕಟ್ಟು ಹಿಡಿದು ಮಿರಿಯಂ ನಿಂತಿದ್ದಳು. ಮೆಟ್ಟಿಲುಗಳನ್ನು ಕೂತುಕೊಂಡೇ ಇಳಿದು ಬಂದಿದ್ದಳೆಂದು ಆಮೇಲೆ ತಿಳಿಯಿತು. ನಾನು ಕುರ್ಚಿ ತಂದಿಟ್ಟೆನು. ಕೂತಳು.

“ಇಲ್ಲಿ ಕೊಡು ಅದನ್ನ. ಆರಿದ ಮೇಲೆ ಕೊಡು, ಮಂಕೇ, ಹಾಗೇ ಬಿಸಿಬಿಸಿ ತೊಡೆ ಮೇಲೆ ಇಡ್ಬೇಡ.”

ಆರಿಸಿ ಕೊಟ್ಟೆನು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಏನ್ ಹಾಕಿ ತೊಳ್ದೆ?”

“ಸೋಡಾ.”

“ಸೋಡಾ.”

“ಉಕ್ಕಿನ ನಾರು ಕೂಡ. ಹೊಳೀತಿತ್ತು, ಮಿರಿಯಂ.”

“ಹೊಳೀತಿತ್ತಂತೆ. ನಮ್ಮಮ್ಮ ಇಡೀ ಇದ್ರೊಳಗೆ ಇದ್ಲು. ನಾನು ಸತ್ತ ಮೇಲಾದ್ರೂ ತೊಳೀಬಹುದಿತ್ತಲ್ಲ, ಅಷ್ಟೂ ಕಾಯೋಕಾಗ್ಲಿಲ್ವಾ ನಿಂಗೆ?”

ನೆಲ್, ಆಕೆಯ ಕೆನ್ನೆಗಳು ಕೆಂಪಾಗಿದ್ದವು. ಏಪ್ರಿಲ್ ನಂತರ ನಾನು ಆ ಬಣ್ಣವನ್ನು ಕಂಡಿರಲಿಲ್ಲ. ಬೈಸಿಕೊಳ್ಳುತ್ತಾ ನಿಂತಿದ್ದ ನನಗೆ, ಚರ್ಚಿನಲ್ಲಿ ವಾದ್ಯ ಮೊದಲು ದನಿಗೈಯುವಾಗ ಆಗುವಂಥ ನಡುಕವೊಂದು ಬೆನ್ನುದ್ದಕ್ಕೂ ಇಳಿಯಿತು. ಇನ್ನಷ್ಟು ಬೈಯಲೆಂದು ಬೀನ್ಸಿನ ವಿಷಯವನ್ನೂ ತಿಳಿಸಿದೆನು.

“ಬೀನ್ಸಾ? ಯಾರು ಹೇಳಿದ್ದು? ಆ ಬಿಬಿನಾ?” ಎಂದು, ಉಸಿರು ಸುಧಾರಿಸಿಕೊಂಡು, “ಕೊಬ್ಬು ಜಾಸ್ತಿಯಾಗಿದೆ. ಒರೆಸು. ಒರೆಸಿದ್ದು ಸಾಕು ಅನ್ಸಿದ ಮೇಲೆ ಇನ್ನೊಂದ್ಸಲ ಒರೆಸು” ಎಂದಳು.

ಮಾರನೆಯ ದಿನ ನಾನು ಕರೆಯದೆ ಆಕೆಯೇ ಇಳಿದು ಬಂದಳು, ನನ್ನನ್ನು ಬಾಣಲೆಯೊಂದಿಗೆ ಒಂಟಿಯಾಗಿ ಬಿಡುವಂತಿಲ್ಲವೆಂದು. ಅದರ ಮಾರನೆಯ ದಿನವೂ. ದಿನಕ್ಕೊಂದು ಪದರ. ಕಬ್ಬಿಣ ಮೊದಲು ಜೇನಿನ ಬಣ್ಣಕ್ಕೆ ತಿರುಗಿತು, ಆಮೇಲೆ ಚಹಾದ ಬಣ್ಣಕ್ಕೆ. ಒಂದು ಬೆಳಿಗ್ಗೆ ಮಾತಾಡುತ್ತಲೇ ನನ್ನ ತಟ್ಟೆಯಿಂದ ಬ್ರೆಡ್ಡಿನ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಾನು ಕಂಡೂ ಕಾಣದವನಂತೆ ಗೋಡೆಯನ್ನು ನೋಡಿದೆನು. ಕರವಸ್ತ್ರ ಹೊರಬರಲಿಲ್ಲ.

ನಿನ್ನೆ, ಭಾನುವಾರ, ಬಾಣಲೆ ಕಪ್ಪಾಗಿತ್ತು. ಅಮ್ಮನ ಕಪ್ಪಲ್ಲವೆಂದು ಮಿರಿಯಂಳ ಅಭಿಪ್ರಾಯ. ಆದರೆ ಕೆಲಸಕ್ಕೆ ಸಾಕೆಂದಳು. ಒಲೆಗೆ ಬೆನ್ನು ಕೊಟ್ಟು, ಬಿಸಿಲಿಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತಳು. ನಾನು ಅಡುಗೆಯ ಏಪ್ರನ್ ಕಟ್ಟಿ ನಿಂತೆನು.

“ಸಾಸೇಜ್ ಕಿರುಚ್ತಿದೆ, ಉರಿ ತಗ್ಗಿಸು.”

“ನೋಡದೆ ಹೇಗೆ—”

“ಬಾಯ್ಮುಚ್ಕೊಂಡು ಕೇಳಿಸ್ಕೊ. ಬೇಕನ್ ಹೇಗಂತಿದೆ?”

ಕೇಳಿಸಿಕೊಂಡೆನು. ನೀನು ಬರೆದದ್ದು ನಿಜ. ಗಲಾಟೆ ತೆಳುವಾಗುತ್ತಾ ಬಂದು, ಒಂದು ಕ್ಷಣ ಸಣ್ಣ ಪಿಸುಮಾತಿನಂತೆ ನಿಂತಿತು. ಇಷ್ಟು ವರ್ಷ ಪತ್ರಿಕೆಯ ಹಾಳೆ ತಿರುಗಿಸುವ ಸದ್ದಿನಲ್ಲಿ ಇದು ನನಗೆ ಕೇಳಿಸಿರಲಿಲ್ಲ. ತಿರುಗಿಸಿದೆನು. ಅಂಟಲಿಲ್ಲ. ಪುಡಿಂಗಿನ ಅಂಚು ಗರಿಗರಿಯಾಯಿತು. ಅಣಬೆ, ಮುಚ್ಚಳವಿಲ್ಲದೆ, ತನ್ನ ನೀರನ್ನು ತಾನೇ ಹೀರಿ ಕಂದು ಬಣ್ಣಕ್ಕೆ ಬಂದಿತು. ಟೊಮೆಟೊದ ಸಿಪ್ಪೆ ಸುಕ್ಕಾಯಿತು. ಬ್ರೆಡ್ಡು ಉಳಿದ ಕೊಬ್ಬನ್ನೆಲ್ಲ ಕುಡಿದು ಬಾಣಲೆಯನ್ನು ಒಣಗಿಸಿತು.

“ತಟ್ಟೆ ಬಿಸಿ ಇದೆಯಾ?”

“ಇದೆ.”

“ಅದನ್ನ ನಾನು ಹೇಳೋದು ಮರ್ತಿದ್ದೆ” ಎಂದಳು. ಇದು ನನಗೆ ದೊರೆತ ಪ್ರಶಸ್ತಿಪತ್ರವೆಂದು ಭಾವಿಸುತ್ತೇನೆ.

ನಾನು ಪುರಸಭೆಯ ಸಭೆಗಳನ್ನು ದೀರ್ಘಕಾಲ ಕಂಡವನು. ಏಳು ಸದಸ್ಯರು ಬೇರೆಬೇರೆ ಸ್ವಭಾವದವರಾಗಿದ್ದು, ಬೇರೆಬೇರೆ ಹೊತ್ತಿಗೆ ಒಳಹೊಕ್ಕು, ಒಂದೇ ಕ್ಷಣಕ್ಕೆ ಒಂದೇ ಬಾಗಿಲಿನಿಂದ ಒಮ್ಮತದಿಂದ ಹೊರಬಂದದ್ದನ್ನು ಎಂದೂ ಕಂಡಿಲ್ಲ. ನಿನ್ನೆ ತಟ್ಟೆಯ ಮೇಲೆ ಕಂಡೆನು. ಆವಿ ಏಳುತ್ತಿತ್ತು. ಅಮ್ಮ ಮಾಡಿದ್ದು, ಮಿರಿಯಂ ಯುದ್ಧದವರೆಗೆ ಪ್ರತಿ ಭಾನುವಾರ ಮಾಡಿದ್ದು ಇದೇ. ಒಮ್ಮೆಯೂ ಯಾರೂ ಎದ್ದು ನಿಂತು ಗೌರವ ಸೂಚಿಸಲಿಲ್ಲ. ನಾನು ನಿಂತೇ ಇದ್ದೆನಾದ್ದರಿಂದ ತಲೆ ಬಾಗಿಸಿದೆನು. ಮಿರಿಯಂ ಕಣ್ಣು ಮುಚ್ಚಿಕೊಂಡಿದ್ದಳು, ನೋಡಲಿಲ್ಲ.

ಮೊಟ್ಟೆ ಎರಡು. ಒಂದು ಜಾರಿ ತಟ್ಟೆಗೆ ಇಳಿಯಿತು. ಇನ್ನೊಂದರ ಹಳದಿ ಒಡೆಯಿತು. ತಟ್ಟೆಗಳನ್ನು ಮೇಜಿನ ಮೇಲಿಟ್ಟಾಗ ಆಕೆ ಕೈ ಚಾಚಿ, ಯೋಚಿಸದೆಯೇ, ಒಡೆದ ಮೊಟ್ಟೆಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

ನೆಲ್, ಮದುವೆಯಾದಾಗಿನಿಂದ ಆಕೆಯ ತಟ್ಟೆಯಲ್ಲಿ ಒಡೆದ ಮೊಟ್ಟೆಯನ್ನೇ ಕಂಡು, ಆಕೆಗೆ ಅದೇ ಇಷ್ಟವೆಂದು ನಾನು ತಿಳಿದಿದ್ದೆ. ನೆಂಟರ ಮುಂದೆ ಹೇಳಿದ್ದೂ ಉಂಟು.

ತಟ್ಟೆಯನ್ನು ಹಿಡಿದು ನಿಲ್ಲಿಸಿದೆನು. “ಅದು ಒಲೆ ಮುಂದೆ ನಿಂತವರ ಪಾಲು” ಎಂದೆನು.

“ಯಾರು ಹೇಳಿದ್ರು ನಿಂಗೆ?”

“ನೆಲ್.”

ಆಕೆ ಇಡೀ ಮೊಟ್ಟೆಯ ತಟ್ಟೆಯನ್ನು ತನ್ನ ಮುಂದೆ ಇರಿಸಿಕೊಂಡು ನೋಡುತ್ತಾ ಕೂತಳು. ಕಿಟಕಿ ಆ ಹಳದಿಯೊಳಗೆ ಸಣ್ಣದಾಗಿ ಕಾಣುತ್ತಿತ್ತು. “ಎಷ್ಟು ದುಂಡಗಿದೆ ನೋಡು” ಎಂದಳು. ಆಮೇಲೆ ಹುರಿದ ಬ್ರೆಡ್ಡಿನ ಮೂಲೆಯಿಂದ ಅದನ್ನು ತಾನೇ ಒಡೆದು, ಅದ್ದಿ, ತಿಂದಳು. ಮತ್ತೆ ಅದ್ದಿದಳು. ಸಾಸೇಜ್ ಅರ್ಧ ಉಳಿಸಿದಳು. ಪುಡಿಂಗನ್ನು ನನ್ನ ಕಡೆ ತಳ್ಳಿದಳು. ಮೊಟ್ಟೆಯನ್ನು ಪೂರ್ತಿ ಮುಗಿಸಿದಳು. ನಂತರ ಬಿಸಿಲಿನಲ್ಲಿ, ಕುರ್ಚಿಯಲ್ಲೇ, ಬಾಯಿ ತೆರೆದು ನಿದ್ದೆ ಹೋದಳು. ನಾನು ತಟ್ಟೆಗಳನ್ನು ತೊಳೆದೆನು. ಬಾಣಲೆಯನ್ನು ಕಾಗದದಿಂದ ಒರೆಸಿದೆನು.

ಅಕ್ಟೋಬರ್ ಬಹಳ ದೂರವೇ ಎಂದು ಕೇಳಿದ್ದೀಯೆ. ಇಂದು ವೈದ್ಯರು ಟೊಪ್ಪಿಗೆಯನ್ನು ತಲೆಯ ಮೇಲಿಟ್ಟುಕೊಂಡೇ ಮಾತಾಡಿದರು. “ಏನ್ ಕೊಟ್ರಿ?” ಎಂದರು. ಹೇಳಿದೆನು. “ಆ ಕೊಬ್ಬು ನನಗೂ ನಿಮಗೂ ಒಳ್ಳೇದಲ್ಲ. ಅವರಿಗೆ ಮುಂದಿನ ಭಾನುವಾರವೂ ಕೊಡಿ” ಎಂದರು. ಹಡಗಿನ ಬಗ್ಗೆ ಮಿರಿಯಂಳ ತೀರ್ಮಾನವನ್ನು ಆಕೆಯ ಮಾತಿನಲ್ಲೇ ಉದ್ಧರಿಸುತ್ತೇನೆ: “ಬರ್ಲಿ. ಆದ್ರೆ ಒಲೆ ಹತ್ರ ಬರೋದು ಬೇಡ. ಅಣಬೆಗೆ ಮುಚ್ಚಳ ಹಾಕೋಳು.”

ಇಂತಿ ನಿನ್ನ ವಿಧೇಯ,
ಆಂಬ್ರೋಸ್ ಕ್ಲೆಗ್
ಪುರಸಭೆಯ ನಿವೃತ್ತ ನಕಲು ಗುಮಾಸ್ತ

ಲಗತ್ತು:
1. ಮಿರಿಯಂ ನಿನ್ನೆ ಮೇಜಿನ ಬಳಿ ಸ್ವಹಸ್ತದಿಂದ ಬರೆದ ಚೀಟಿ, ಒಂದು. ಒಕ್ಕಣೆ: “ನೆಲ್, ನಂದು ಒಡೆಯದೆ ಬಂತು.” ಮೂಲೆಯಲ್ಲಿರುವ ಹಳದಿ ಕಲೆಯನ್ನು ಚೀಟಿಯ ಭಾಗವೆಂದೇ ಪರಿಗಣಿಸತಕ್ಕದ್ದು.